ಪೆಟ್ ಕರೆಯುವ ಮಾಂತ್ರಿಕ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಲೈನಿಗೆ ಯಾವ ಆಟ, ಯಾವ ಪೆಟ್?

ಆನ್‌ಲೈನ್ ಆಟಗಳಲ್ಲಿ ಪೆಟ್ (ಮಂತ್ರದಿಂದ ಬಂದು ನಿಮ್ಮ ಪರ ಕಾದುವ ಜೀವಿ) ಕರೆದು ಕಾದಾಡಿಸುವ ಮಾಂತ್ರಿಕನನ್ನು ಆಡಲು ಹೊರಟವರು ಮೊದಲು ಕೇಳುವುದು ‘ಯಾವ ಕ್ಲಾಸ್ ಜಾಸ್ತಿ ಪವರ್‌ಫುಲ್?’ ಎಂದು. ಕ್ಲಾಸ್ ಅಂದರೆ ಪಾತ್ರದ ಬಗೆ. ನಮ್ಮ ಮೂರು ಜಿಲ್ಲೆಗಳಲ್ಲಿ ಕುಳಿತು ಆಡುವವರು ಕೇಳಬೇಕಾದದ್ದು ಬೇರೆ. ನೀವು ಒತ್ತಿದ ಬಟನ್ ಕಾಲು ಸೆಕೆಂಡ್ ತಡವಾಗಿ ಸರ್ವರ್ ಮುಟ್ಟಿದರೂ, ನಡುವೆ ಕರೆಂಟ್ ಹೋಗಿ ಒಂದು ನಿಮಿಷ ನೀವೇ ಆಟದಲ್ಲಿ ಇಲ್ಲದಿದ್ದರೂ, ಪೆಟ್ ತನ್ನಷ್ಟಕ್ಕೆ ಎಷ್ಟು ಕೆಲಸ ಮಾಡುತ್ತದೆ? ಈ ಅಳತೆಗೋಲು ಹಿಡಿದು ನಾಲ್ಕು ಆಟಗಳನ್ನು ಇಲ್ಲಿ ನೋಡಿದ್ದೇವೆ: ಎವರ್‌ಕ್ವೆಸ್ಟ್‌ನ ಮ್ಯಾಜಿಶಿಯನ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನ ವಾರ್ಲಾಕ್, ಗಿಲ್ಡ್ ವಾರ್ಸ್ 2ರ ನೆಕ್ರೋಮ್ಯಾನ್ಸರ್, ಫೈನಲ್ ಫ್ಯಾಂಟಸಿ 14ರ ಸಮನರ್.

ಅಳತೆ ಇದೇ ಯಾಕೆ ಅಂದರೆ, ಕತ್ತಿ ಹಿಡಿದ ಕ್ಲಾಸ್ ನಿಮ್ಮ ಬೆರಳನ್ನು ನಂಬಿರುತ್ತದೆ. ಪೆಟ್ ಹಾಗಲ್ಲ. ಅದನ್ನು ನಡೆಸುವುದು ಸರ್ವರ್. ‘ಹೋಗಿ ಹೊಡಿ’ ಎಂಬ ಒಂದು ಆಜ್ಞೆ ತಲುಪಿದರೆ ಸಾಕು, ಮುಂದಿನ ಪ್ರತಿ ಏಟೂ ಅಲ್ಲಿಯೇ ಲೆಕ್ಕವಾಗುತ್ತದೆ. ನಿಮ್ಮ ಇಂಟರ್‌ನೆಟ್ ಲೈನ್ ಕುಂಟಿದರೂ ಪೆಟ್‌ನ ಏಟು ಕುಂಟುವುದಿಲ್ಲ.

ಮೊದಲು ಪಿಂಗ್, ಆಮೇಲೆ ಗಡಿಯಾರ

ಬೆಳಗಾವಿಯಿಂದ ಫ್ರಾಂಕ್‌ಫರ್ಟ್‌ಗೆ ಗೆರೆ ಎಳೆದರೆ ಸುಮಾರು 6,900 ಕಿಲೋಮೀಟರ್, ಅಮೆರಿಕದ ಪಶ್ಚಿಮ ಕರಾವಳಿಗೆ ಸುಮಾರು 14,000. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಿ ಬರಲು (ಈ ಸಮಯವೇ ಪಿಂಗ್) ಯುರೋಪಿಗೆ 69 ಮಿಲಿಸೆಕೆಂಡ್, ಅಮೆರಿಕಕ್ಕೆ 140 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೇರ ಹೋಗುವುದಿಲ್ಲ, ದಾರಿಯಲ್ಲಿ ರೌಟರ್‌ಗಳೂ ಇವೆ. ಹಾಗಾಗಿ ಅಮೆರಿಕದ ಸರ್ವರ್‌ಗೆ ಸಾಮಾನ್ಯವಾಗಿ 250ರ ಆಸುಪಾಸು ಸಿಗುತ್ತದೆ. ಪ್ಲಾನನ್ನು 40 ಎಂಬಿಪಿಎಸ್‌ನಿಂದ 200ಕ್ಕೆ ಏರಿಸಿದರೆ ಡೌನ್‌ಲೋಡ್ ಬೇಗ ಮುಗಿದೀತು, ಈ ಅಂಕಿ ಇಳಿಯುವುದಿಲ್ಲ. ಅದಕ್ಕೆಂದು ದುಡ್ಡು ಸುರಿಯಬೇಡಿ.

ಸರಾಸರಿಗಿಂತ ಹೆಚ್ಚು ಕಾಡುವುದು ಏರಿಳಿತ. ಸ್ಥಿರವಾಗಿ 260 ಇದ್ದರೆ ಕೈ ಹೊಂದಿಕೊಳ್ಳುತ್ತದೆ. 180ರಿಂದ 600ಕ್ಕೆ ಜಿಗಿದು ಮತ್ತೆ ಇಳಿಯುವ ಲೈನಿನಲ್ಲಿ ಯಾವ ಕ್ಲಾಸೂ ನೆಟ್ಟಗೆ ಆಡಲಾಗದು. ಬೆಳಗಾವಿ, ಖಾನಾಪುರ ಕಡೆ ಜೂನ್–ಜುಲೈ ಮಳೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಆಡುವವರಿಗೆ ಈ ಜಿಗಿತ ಚೆನ್ನಾಗಿ ಗೊತ್ತು. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿದರೆ ಮನೆಯೊಳಗಿನ ಏರಿಳಿತವಾದರೂ ಕಡಿಮೆಯಾಗುತ್ತದೆ.

ಇನ್ನು ಗಡಿಯಾರ. ಹೊಸಬರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ರಾತ್ರಿ 8 ಗಂಟೆ ಅಂದರೆ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮದಲ್ಲಿ ಬೆಳಗಿನ 7:30. ಆಗ ಆ ಸರ್ವರ್‌ನಲ್ಲಿ ಜನ ಕಡಿಮೆ, ಪಾರ್ಟಿ (ಜೊತೆಗೂಡಿ ಆಡುವ ಗುಂಪು) ಸಿಗುವುದು ಕಷ್ಟ, ಒಬ್ಬರೇ ಆಡಬೇಕು. ಅಲ್ಲಿಯ ಸಂಜೆ 6 ಅಂದರೆ ನಮಗೆ ಬೆಳಿಗ್ಗೆ 6:30. ಕಾಲೇಜಿಗೆ ಹೊರಡುವ ಮುಂಚೆ ಎರಡು ತಾಸು ಆಡುವವರಿಗೆ ಇದು ಚಲೋ ಹೊತ್ತು. ಯುರೋಪಿನ ಸರ್ವರ್ ಆದರೆ ನಮ್ಮ ರಾತ್ರಿ 9ಕ್ಕೆ ಅಲ್ಲಿ ಬೇಸಿಗೆಯ ಸಂಜೆ 5:30, ಚಳಿಗಾಲದಲ್ಲಿ 4:30. ಜನ ಸೇರತೊಡಗುವ ಹೊತ್ತು ಅದು. ರಾತ್ರಿ ಮಾತ್ರ ಆಡುವವರು ಯುರೋಪ್ ಹಿಡಿಯಿರಿ. ಅಮೆರಿಕದ ಸರ್ವರ್‌ನಲ್ಲಿ ರಾತ್ರಿ ಆಡುವುದೇ ಆದರೆ ಸೋಲೋ (ಒಬ್ಬರೇ) ನಿಲ್ಲಬಲ್ಲ ಕ್ಲಾಸನ್ನೇ ತೆಗೆದುಕೊಳ್ಳಿ.

ಎವರ್‌ಕ್ವೆಸ್ಟ್‌ನ ಮ್ಯಾಜಿಶಿಯನ್: ನಾಲ್ಕು ಭೂತಗಳು

ನಮ್ಮ ಅಳತೆಗೆ ಸರಿಯಾಗಿ ಕೂರುವುದು ಇದೇ. ಆಟ ಬಿಡುಗಡೆಯಾದದ್ದು 1999ರ ಮಾರ್ಚ್ 16ರಂದು, ಜನ ಮೋಡೆಮ್ ಹಾಕಿ ಫೋನ್ ಲೈನಿನಲ್ಲಿ ಆಡುತ್ತಿದ್ದ ಕಾಲದಲ್ಲಿ. ಸರ್ವರ್‌ನ ಮುಖ್ಯ ಲೆಕ್ಕಾಚಾರ 6 ಸೆಕೆಂಡಿಗೊಂದು ‘ಟಿಕ್’ನಂತೆ ನಡೆಯುತ್ತದೆ, ಮಾನಾ (ಮಂತ್ರ ಹಾಕಲು ಖರ್ಚಾಗುವ ಶಕ್ತಿ) ಏರುವುದು, ವಿಷ ಇಳಿಯುವುದು ಎಲ್ಲವೂ ಆ ಟಿಕ್‌ಗೇ. ಒಂದೊಂದು ಕಾಳಗ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತದೆ. ಇಂಥ ಆಟದಲ್ಲಿ 250 ಮಿಲಿಸೆಕೆಂಡ್ ದೊಡ್ಡ ಮಾತಲ್ಲ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಎಲ್ಲಿ ಆಡಬೇಕು? ಕಂಪನಿಯೇ ನಡೆಸುವ ಲೈವ್ ಸರ್ವರ್‌ಗಳು 2012ರಿಂದ ಕೆಲವು ಮಿತಿಗಳೊಂದಿಗೆ ಉಚಿತ. ಹಳೆಯ ಕಾಲದ ವೇಗದಲ್ಲೇ ಆಡಬೇಕೆನ್ನುವವರಿಗೆ ಅಭಿಮಾನಿಗಳು ನಡೆಸುವ ಪ್ರಾಜೆಕ್ಟ್ 1999 ಇದೆ. ಅದೂ ಉಚಿತ, ಆದರೆ ಟೈಟೇನಿಯಮ್ ಆವೃತ್ತಿಯ ಹಳೆಯ ಕ್ಲೈಂಟ್ (ಕಂಪ್ಯೂಟರ್‌ಗೆ ಹಾಕುವ ಆಟದ ಪ್ರೋಗ್ರಾಂ) ಬೇಕು. ಹೊಸಬರು ಲೈವ್‌ನಲ್ಲೇ ಶುರು ಮಾಡುವುದು ಒಳ್ಳೆಯದು. ಅಲ್ಲಿ ಕೂಲಿ ಕೊಟ್ಟು ಹೀಲರ್ (ಜೀವ ತುಂಬುವ) ಮರ್ಸಿನರಿ ಇಟ್ಟುಕೊಳ್ಳಬಹುದು. ಪೆಟ್ ಮುಂದೆ, ಹೀಲರ್ ಹಿಂದೆ, ನಡುವೆ ನೀವು ಎಂಬ ಈ ಜೋಡಣೆಯಲ್ಲಿ ಅಮೆರಿಕ ಮಲಗಿರುವ ಹೊತ್ತಿನಲ್ಲೂ ಆರಾಮಾಗಿ ಲೆವೆಲ್ ಏರಿಸಬಹುದು.

ಜನಾಂಗಗಳು ಐದು: ಹ್ಯೂಮನ್, ಎರುಡೈಟ್, ಹೈ ಎಲ್ಫ್, ಡಾರ್ಕ್ ಎಲ್ಫ್, ನೋಮ್. ಮಾನಾ ಎಷ್ಟು ಎಂಬುದು ಇಂಟೆಲಿಜೆನ್ಸ್ ಮೇಲೆ ನಿಂತಿದೆ, ಅದು ಎರುಡೈಟ್‌ಗೆ ಎಲ್ಲರಿಗಿಂತ ಹೆಚ್ಚು. ಆದರೆ ಹ್ಯೂಮನ್‌ಗೂ ಎರುಡೈಟ್‌ಗೂ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಹಳೆಯ ಸರ್ವರ್‌ನಲ್ಲಿ ರಾತ್ರಿಯಾದರೆ ಪರದೆ ನಿಜವಾಗಿಯೂ ಕಪ್ಪಾಗುತ್ತದೆ. ಅಲ್ಲಿ ಆಡುವುದಾದರೆ ನೋಮ್ ಅಥವಾ ಡಾರ್ಕ್ ಎಲ್ಫ್ ಸುಖ.

ಹಳೆಯ ಕ್ರಮದಲ್ಲಿ ಪೆಟ್ ಮಂತ್ರಗಳು ಸಿಗುವ ಲೆವೆಲ್‌ಗಳು 4, 8, 12, 16, 20, 24, 29, 34, 39, 44, 49. ಪ್ರತಿ ಮೆಟ್ಟಿಲಿನಲ್ಲೂ ನಾಲ್ಕು ಮಂತ್ರ: ಭೂಮಿ, ನೀರು, ಗಾಳಿ, ಬೆಂಕಿ. ಪ್ರತಿ ಸಲ ಕರೆದಾಗಲೂ ಒಂದು ಮ್ಯಾಲಕೈಟ್ ಕಲ್ಲು ಖರ್ಚು. ಕಲ್ಲು ಅಗ್ಗ, ಆದರೆ ಅದಿಲ್ಲದೆ ಪೆಟ್ ಇಲ್ಲ. ಚೀಲದಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಇಟ್ಟುಕೊಂಡು ಊರು ಬಿಡಬೇಡಿ. ಹಳೆಯ ಸರ್ವರ್‌ನಲ್ಲಿ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿದರೆ ಪೆಟ್ ಹೋಗುತ್ತದೆ. ನಿಮ್ಮ ಮೇಲೆ ನೀವೇ ಅದೃಶ್ಯದ ಮಂತ್ರ ಹಾಕಿಕೊಂಡರೂ ಹೋಗುತ್ತದೆ. ಎರಡು ವಲಯ ದಾಟಿ ಬೇಟೆಯ ಜಾಗ ಮುಟ್ಟುವವರು ಅಲ್ಲಿ ತಲುಪಿದ ಮೇಲೆಯೇ ಪೆಟ್ ಕರೆಯಿರಿ. ಹೊರಡುವ ಮುಂಚೆ ಪೆಟ್ ಉಳಿದಿದ್ದರೆ ರಿಕ್ಲೇಮ್ ಎನರ್ಜಿ ಹಾಕಿ. ಪೆಟ್ ಕರಗುತ್ತದೆ, ಮಾನಾದ ಒಂದು ಪಾಲು ವಾಪಸ್ ಬರುತ್ತದೆ.

ಒಂದೇ ಮಂತ್ರ ಎರಡು ಸಲ ಹಾಕಿದರೆ ಬರುವ ಎರಡು ಪೆಟ್‌ಗಳ ಬಲ ಒಂದೇ ಇರುವುದಿಲ್ಲ, ಲೆವೆಲ್ ಸ್ವಲ್ಪ ಹಿಂದೆ ಮುಂದೆ ಬರುತ್ತದೆ. ಕರೆದ ಕೂಡಲೇ ಅದರ ಲೆವೆಲ್ ನೋಡಿ ಅಥವಾ ಮೊದಲ ಕಾಳಗದಲ್ಲಿ ಅದರ ದೊಡ್ಡ ಏಟು ಎಷ್ಟೆಂದು ಗಮನಿಸಿ. ಸಪ್ಪೆ ಬಂದಿದ್ದರೆ ರಿಕ್ಲೇಮ್ ಮಾಡಿ ಮತ್ತೆ ಕರೆಯಿರಿ. ತಾಸುಗಟ್ಟಲೆ ಒಂದೇ ಕಡೆ ನಿಂತು ಆಡುವುದಿದ್ದರೆ ಎರಡು ಮೂರು ಕಲ್ಲು ಹೆಚ್ಚು ಹೋದರೂ ಚಿಂತೆಯಿಲ್ಲ.

ಈಗ ನಾಲ್ಕರಲ್ಲಿ ಯಾವುದು?

ಭೂಮಿಯ ಪೆಟ್‌ಗೆ ಜೀವ ಹೆಚ್ಚು, ಜೊತೆಗೆ ಅದು ಎದುರಾಳಿಗೆ ‘ರೂಟ್’ ಹಾಕಿ ನೆಲಕ್ಕೆ ಕಚ್ಚಿಸುತ್ತದೆ. ವಿಝರ್ಡ್, ಎನ್‌ಚಾಂಟರ್, ನೆಕ್ರೋಮ್ಯಾನ್ಸರ್ ಮೂವರಿಗೂ ಸ್ವಂತ ರೂಟ್ ಮಂತ್ರ ಇದೆ. ಹಳೆಯ ಕ್ರಮದಲ್ಲಿ ಮ್ಯಾಜಿಶಿಯನ್‌ಗೆ ಇಲ್ಲ. ಆ ಕೊರತೆ ತುಂಬುವುದು ಈ ಪೆಟ್ ಒಂದೇ. ಸಾಯುವ ಹಂತಕ್ಕೆ ಬಂದ ಮಾಬ್ (ಆಟವೇ ನಡೆಸುವ ಶತ್ರು ಜೀವಿ) ಓಡಿಹೋಗಿ ತನ್ನ ನಾಲ್ಕು ಜನರನ್ನು ಕರೆತರುವುದು ಎವರ್‌ಕ್ವೆಸ್ಟ್‌ನಲ್ಲಿ ಸಾಮಾನ್ಯವಾದ ಸಾವಿನ ದಾರಿ, ರೂಟ್ ಅದನ್ನು ತಡೆಯುತ್ತದೆ. ಆದರೆ ಒಂದು ಎಚ್ಚರ ಬೇಕು: ರೂಟ್ ಆದ ಮಾಬ್ ಯಾರ ಮೇಲೆ ಸಿಟ್ಟಿದೆ ಎಂದು ನೋಡುವುದಿಲ್ಲ, ಹತ್ತಿರ ಯಾರಿದ್ದಾರೋ ಅವರನ್ನು ಹೊಡೆಯುತ್ತದೆ. ನೀವು ಪೆಟ್‌ನ ಪಕ್ಕದಲ್ಲಿ ನಿಂತಿದ್ದರೆ ಅದು ನೀವೇ ಆಗಬಹುದು. ಸೋಲೋ ಆಡುವ ನಮ್ಮವರಿಗೆ ನಮ್ಮ ಸಲಹೆ ಭೂಮಿ. ಲೈನ್ ಕೈಕೊಟ್ಟಾಗ ಹೆಚ್ಚು ಹೊತ್ತು ತಡೆದು ನಿಲ್ಲುವುದು ಇದು.

ನೀರಿನ ಪೆಟ್ ಲೈವ್ ಸರ್ವರ್‌ಗಳಲ್ಲಿ ರೋಗ್ ಎಂಬ ಕಳ್ಳ ಕ್ಲಾಸಿನಂತೆ ಹಿಂದಿನಿಂದ ಇರಿಯುತ್ತದೆ, ಹಾನಿ ಬಹಳ. ಆದರೆ ಇರಿಯಬೇಕಾದರೆ ಅದು ಮಾಬ್‌ನ ಬೆನ್ನ ಹಿಂದೆ ಇರಬೇಕು. ಸೋಲೋ ಆಡುವಾಗ ಮಾಬ್ ಪೆಟ್ ಕಡೆಗೇ ಮುಖ ಮಾಡಿರುತ್ತದೆ, ಆ ಲಾಭ ಸಿಗುವುದಿಲ್ಲ. ಬೇರೆ ಯಾರೋ ಟ್ಯಾಂಕ್ ಮಾಡುವ, ಅಂದರೆ ಮುಂದೆ ನಿಂತು ಏಟು ತಿನ್ನುವ, ಪಾರ್ಟಿಗೆ ಇದು.

ಗಾಳಿಯ ಪೆಟ್ ಏಟು ತಪ್ಪಿಸಿಕೊಳ್ಳುತ್ತದೆ, ನಡುನಡುವೆ ಎದುರಾಳಿಯನ್ನು ಸ್ಟನ್ ಮಾಡುತ್ತದೆ, ಅಂದರೆ ಕ್ಷಣಕಾಲ ಮರಗಟ್ಟಿಸುತ್ತದೆ. ಮಂತ್ರ ಹಾಕುವ ಮಾಬ್‌ಗಳ ಎದುರು ಇದಕ್ಕೆ ಸಾಟಿಯಿಲ್ಲ. ಎದುರಾಳಿಯ ಮಂತ್ರವನ್ನು ನೀವು ನೋಡಿ, ಬಟನ್ ಒತ್ತಿ, ಅದು ಸರ್ವರ್ ಮುಟ್ಟಿ ತಡೆಯುವಷ್ಟರಲ್ಲಿ ಮಂತ್ರ ಮುಗಿದಿರುತ್ತದೆ. ಪೆಟ್‌ನ ಸ್ಟನ್ ಸರ್ವರ್‌ನಲ್ಲೇ ಆಗುವುದರಿಂದ ಆ ತಡ ಇಲ್ಲ. ಶಾಮನ್, ವಿಝರ್ಡ್ ಬಗೆಯ ಮಾಬ್‌ಗಳಿರುವ ಜಾಗಕ್ಕೆ ಹೋಗುವಾಗ ಭೂಮಿ ಬಿಟ್ಟು ಗಾಳಿ ಕರೆಯಿರಿ.

ಬೆಂಕಿಯ ಪೆಟ್‌ಗೆ ಜೀವ ಕಡಿಮೆ, ಸುಡುವುದು ಜಾಸ್ತಿ. ತನ್ನನ್ನು ಹೊಡೆದವರಿಗೆ ಅದರ ಮೈಯ ಬೆಂಕಿಯೇ ತಿರುಗಿ ತಾಗುತ್ತದೆ. ಕಾಳಗ ಬೇಗ ಮುಗಿಯಬೇಕು, ಹೀಲರ್ ಇದ್ದಾನೆ, ಕಲ್ಲು ಬೇಕಾದಷ್ಟಿದೆ ಅಂದರೆ ಸರಿ. ಒಬ್ಬರೇ ಇದ್ದಾಗ ಬೇಡ.

ಮುಂದೆ ಲೆವೆಲ್ ಏರಿದ ಮೇಲೆ ಒಂದೊಂದು ಭೂತದ ಪೆಟ್‌ಗೆ ಬಲ ಕೊಡುವ ವಸ್ತುಗಳು ಬರುತ್ತವೆ: ಭೂಮಿಗೆ ಶವೆಲ್ ಆಫ್ ಪಾಂಝ್, ಗಾಳಿಗೆ ಬ್ರೂಮ್ ಆಫ್ ಟ್ರೈಲಾನ್, ನೀರಿಗೆ ಸ್ಟೀನ್ ಆಫ್ ಯುಲಿಸ್ಸಾ, ಬೆಂಕಿಗೆ ಟಾರ್ಚ್ ಆಫ್ ಆಲ್ನಾ. ನಿಮ್ಮ ಪೆಟ್ ಯಾವುದೋ ಅದರದ್ದನ್ನೇ ಮೊದಲು ಹುಡುಕಿ.

ಒಂದು ಕಾಳಗ, ಹೆಜ್ಜೆ ಹೆಜ್ಜೆಯಾಗಿ

ಪೆಟ್ ಕರೆಯಿರಿ. ಕುಳಿತು ಮಾನಾ ಪೂರ್ತಿ ತುಂಬಿಸಿಕೊಳ್ಳಿ. ಸಮನ್ ಡ್ಯಾಗರ್ ಮಂತ್ರದಿಂದ ಎರಡು ಕಠಾರಿ ಮಾಡಿ ಪೆಟ್ ಕೈಗೆ ಕೊಡಿ, ಎರಡೂ ಕೈಯಿಂದ ಹೊಡೆಯುತ್ತದೆ. ಹಳೆಯ ಸರ್ವರ್‌ನಲ್ಲಿ ಕೊಟ್ಟದ್ದು ಮರಳಿ ಬರುವುದಿಲ್ಲ ಎಂದೇ ತಿಳಿದು ಕೊಡಿ. ದುಡ್ಡು ಕೊಟ್ಟು ಕೊಂಡ ಆಯುಧ ಅದಕ್ಕೆ ಬೇಡ. ಆಮೇಲೆ ಬರ್ನೌಟ್ ಹಾಕಿ, ಪೆಟ್‌ನ ಏಟಿನ ವೇಗ ಏರುತ್ತದೆ. ಅದರ ಮೈಮೇಲೆ ಡ್ಯಾಮೇಜ್ ಶೀಲ್ಡ್ (ಹೊಡೆದವರಿಗೇ ತಿರುಗಿ ತಾಗುವ ಕವಚ) ಹಾಕಿ.

ಮಾಬ್ ಆರಿಸಿ ‘ಪೆಟ್ ಅಟ್ಯಾಕ್’ ಕೊಡಿ. ಇನ್ನು ಕೈ ಕಟ್ಟಿ ಕಾಯಬೇಕು, ಹೊಸಬರಿಗೆ ಆಗದಿರುವುದು ಇದೇ. ಮಾಬ್‌ನ ಜೀವ ನೂರರಿಂದ ಎಂಬತ್ತಕ್ಕೆ ಇಳಿಯುವವರೆಗೆ ನಿಮ್ಮಿಂದ ಒಂದೂ ಮಂತ್ರ ಬೇಡ. ಅಷ್ಟರಲ್ಲಿ ಅದರ ಸಿಟ್ಟು ಪೆಟ್ ಮೇಲೆ ನೆಲೆಯಾಗುತ್ತದೆ. ಮೊದಲೇ ಎರಡು ನ್ಯೂಕ್ (ನೇರ ಹಾನಿಯ ಮಂತ್ರ) ಎಸೆದರೆ ಅದು ತಿರುಗಿ ನಿಮ್ಮ ಕಡೆ ಬರುತ್ತದೆ, ಕವಚವಿಲ್ಲದೆ ಬರೀ ಬಟ್ಟೆ ತೊಟ್ಟ ಮಾಂತ್ರಿಕ ನಾಲ್ಕೇಟು ತಡೆಯಲಾರ. ಎಂಬತ್ತರ ಕೆಳಗೆ ಒಂದು, ಐವತ್ತರ ಬಳಿ ಇನ್ನೊಂದು ನ್ಯೂಕ್ ಸಾಕು. ಪೆಟ್‌ನ ಜೀವ ಅರ್ಧಕ್ಕೆ ಬಂದಾಗ ಅದಕ್ಕೆ ಜೀವ ತುಂಬುವ ರಿನ್ಯೂ ಎಲಿಮೆಂಟ್ಸ್ ಹಾಕಿ. 250 ಪಿಂಗ್‌ನಲ್ಲಿ ಕಾಲು ಭಾಗಕ್ಕೆ ಇಳಿಯುವವರೆಗೆ ಕಾದರೆ ಹೀಲ್ ಮುಟ್ಟುವಷ್ಟರಲ್ಲಿ ಪೆಟ್ ಸತ್ತಿರುತ್ತದೆ.

ನಡುವೆ ಮಾನಾ ತುಂಬಲು ಕೂರುವುದಿದ್ದರೆ ದೂರ ಹೋಗಿ ಕೂರಿ. ಕುಳಿತವರ ಮೇಲೆ ಮಾಬ್‌ಗೆ ಸಿಟ್ಟು ಹೆಚ್ಚುತ್ತದೆ. ಕಾಳಗದ ಪಕ್ಕದಲ್ಲೇ ಕುಳಿತರೆ ಪೆಟ್ ಕಟ್ಟಿಕೊಟ್ಟ ರಕ್ಷಣೆಯನ್ನು ನೀವೇ ಕೆಡವಿದಂತೆ.

ಪಾರ್ಟಿಯಲ್ಲಿ ಇನ್ನೊಂದು ಕಾಟ. ಪೆಟ್‌ಗೂ ಟಾಂಟ್ (ಮಾಬ್‌ನ ಸಿಟ್ಟನ್ನು ತನ್ನತ್ತ ಎಳೆಯುವ ವಿದ್ಯೆ) ಇದೆ, ಟ್ಯಾಂಕ್‌ಗೂ ಇದೆ. ಇಬ್ಬರೂ ಎಳೆದರೆ ಮಾಬ್ ಒಂದು ಕಡೆ ನಿಲ್ಲುವುದಿಲ್ಲ, ಹೀಲರ್‌ಗೆ ಯಾರಿಗೆ ಹೀಲ್ ಹಾಕಬೇಕೆಂಬುದೇ ತಿಳಿಯದು. ಒಟ್ಟಿಗೆ ಆಡುವ ಹಾಸ್ಟೆಲ್ ಹುಡುಗರ ವಾಯ್ಸ್ ಚಾಟ್‌ನಲ್ಲಿ ಈ ಮಾತು ದಿನವೂ ಕೇಳುತ್ತದೆ:

“ತಮ್ಮಾ, ನಿನ್ನ ಪೆಟ್ ಟಾಂಟ್ ಚಾಲೂ ಐತಿ ನೋಡು, ಮಾಬ್ ನನ್ನ ಮುಂದ ನಿಂದ್ರವಲ್ದು.”

“ಬಂದ್ ಮಾಡೀನಿ ಅಣ್ಣಾ, ಲೈನ್ ಜಗ್ಗಾಕತ್ತೈತಿ, ಒಂದ್ ಸೆಕೆಂಡ್ ತಡಿ.”

ಪಾರ್ಟಿ ಸೇರಿದ ಕೂಡಲೇ, ಮೊದಲ ಮಾಬ್ ಬರುವ ಮುಂಚೆಯೇ ‘ಪೆಟ್ ಟಾಂಟ್ ಆಫ್’ ಕೊಟ್ಟುಬಿಡಿ. ಅಟ್ಯಾಕ್, ಬ್ಯಾಕ್ ಆಫ್, ಗಾರ್ಡ್ ಹಿಯರ್, ಫಾಲೋ ಮಿ, ಟಾಂಟ್ ಆಫ್ ಈ ಐದನ್ನೂ ಹಾಟ್‌ಬಟನ್ ಮಾಡಿಟ್ಟುಕೊಳ್ಳಿ. ಕಾಳಗದ ನಡುವೆ ಟೈಪ್ ಮಾಡಲು ಹೊತ್ತಿರುವುದಿಲ್ಲ. ಎತ್ತರದ ಕಟ್ಟೆಯಿಂದ ಜಿಗಿಯುವ ಮುಂಚೆ ಯೋಚಿಸಿ. ನೀವು ಜಿಗಿದರೆ ಪೆಟ್ ಜಿಗಿಯುವುದಿಲ್ಲ, ಸುತ್ತು ಹಾಕಿಕೊಂಡು ದಾರಿಯ ಮಾಬ್‌ಗಳನ್ನೆಲ್ಲ ಎಬ್ಬಿಸಿಕೊಂಡು ಬರುತ್ತದೆ.

ವಾರ್ಲಾಕ್: ಜನ ಹೆಚ್ಚು, ಚೀಲ ಕಡಿಮೆ

ಪಾರ್ಟಿ, ಡಂಜನ್ (ಗುಂಪಾಗಿ ನುಗ್ಗುವ ಗುಹೆ, ಕೋಟೆ), ಗದ್ದಲ ಬೇಕು ಎನ್ನುವವರಿಗೆ ವಾವ್ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್) ಕ್ಲಾಸಿಕ್. 2004ರ ಆಟವನ್ನು 2019ರಲ್ಲಿ ಮತ್ತೆ ತೆರೆದದ್ದು ಇದು. ತಿಂಗಳ ಚಂದಾ ಬೇಕು. ಮುಖ್ಯ ಆಟದಲ್ಲಿ ಲೆವೆಲ್ 20ರವರೆಗೆ ಉಚಿತ ಟ್ರಯಲ್ ಇದೆ, ಆದರೆ ಅದು ಕ್ಲಾಸಿಕ್‌ಗೆ ಅನ್ವಯಿಸುವುದಿಲ್ಲ. ಗೇಮ್ ಮೆನು ಬಟನ್ ಮೇಲೆ ಮೌಸ್ ಇಟ್ಟರೆ ಪಿಂಗ್ ಕಾಣುತ್ತದೆ. ಕಾಳಗಕ್ಕೆ ಸಂಬಂಧಿಸಿದ್ದು ‘ವರ್ಲ್ಡ್’ ಎಂದಿರುವ ಅಂಕಿ.

ನಮ್ಮ ಲೈನಿಗೆ ವಾರ್ಲಾಕ್ ಹೊಂದಲು ಎರಡು ಕಾರಣ. ಒಂದು ಪೆಟ್. ಎರಡನೆಯದು, ಅವನ ಹಾನಿಯ ದೊಡ್ಡ ಪಾಲು ಒಮ್ಮೆ ಹಾಕಿದರೆ ತಾನಾಗಿ ಕೊರೆಯುವ ಶಾಪಗಳಿಂದ ಬರುತ್ತದೆ. ಕರ್ಸ್ ಆಫ್ ಅಗನಿ 24 ಸೆಕೆಂಡ್, ಮೇಲಿನ ರ‍್ಯಾಂಕಿನ ಕರಪ್ಶನ್ 18 ಸೆಕೆಂಡ್ ಓಡುತ್ತದೆ. ಆ ಹೊತ್ತಿನಲ್ಲಿ ಎರಡು ಸೆಕೆಂಡ್ ಲ್ಯಾಗ್ ಬಂದುಹೋದರೂ ಹಾನಿ ನಿಂತಿರುವುದಿಲ್ಲ. ಜೊತೆಗೆ ಈ ಆಟ ಮುಂದಿನ ಮಂತ್ರವನ್ನು 400 ಮಿಲಿಸೆಕೆಂಡ್ ಮುಂಚೆಯೇ ಸರದಿಗೆ ಹಾಕಿಕೊಳ್ಳುತ್ತದೆ. ಸೆಟ್ಟಿಂಗ್‌ನ ಹೆಸರು ಸ್ಪೆಲ್ ಕ್ಯೂ ವಿಂಡೋ. ಅದನ್ನು ಕಡಿಮೆ ಮಾಡಿ ಎಂದು ಸಲಹೆ ಕೊಡುವವರು 30 ಪಿಂಗ್‌ನಲ್ಲಿ ಕೂತವರು. ನೀವು ಮುಟ್ಟಬೇಡಿ.

ಪೆಟ್‌ಗಳಲ್ಲಿ ಇಂಪ್ ಮೊದಲ ಲೆವೆಲ್‌ನಿಂದಲೇ ಇರುತ್ತದೆ, ಕರೆಯಲು ಸೋಲ್ ಶಾರ್ಡ್ (ಸಾಯುವ ಮಾಬ್‌ನಿಂದ ತೆಗೆಯುವ ಕಲ್ಲು) ಬೇಡ. ಲೆವೆಲ್ 10ಕ್ಕೆ ವಾಯ್ಡ್‌ವಾಕರ್, 20ಕ್ಕೆ ಸಕ್ಯುಬಸ್, 30ಕ್ಕೆ ಫೆಲ್‌ಹಂಟರ್. ಮೂರಕ್ಕೂ ಒಂದೊಂದು ಕ್ವೆಸ್ಟ್, ಪ್ರತಿ ಕರೆಗೂ ಒಂದು ಶಾರ್ಡ್. ಕರೆಯಲು ಹಿಡಿಯುವುದು 10 ಸೆಕೆಂಡ್. ಕಾಳಗದ ನಡುವೆ ಪೆಟ್ ಸತ್ತರೆ ಅದಕ್ಕೆಂದೇ ಇರುವ ಟ್ಯಾಲೆಂಟ್ (ಲೆವೆಲ್ ಏರಿದಂತೆ ಆರಿಸಿಕೊಳ್ಳುವ ವಿದ್ಯೆ) ಇಲ್ಲದೆ ಮತ್ತೆ ಕರೆಯುವುದು ಆಗದ ಮಾತು.

ಒಬ್ಬರೇ ಲೆವೆಲ್ ಏರಿಸಲು ವಾಯ್ಡ್‌ವಾಕರ್. ಕಳಿಸಿ, ಅದು ಎರಡು ಸಲ ಟಾರ್ಮೆಂಟ್ (ಇದೂ ಸಿಟ್ಟು ಎಳೆಯುವ ವಿದ್ಯೆ) ಹಾಕುವವರೆಗೆ ಬಿಡಿ, ಆಮೇಲೆ ಕರಪ್ಶನ್, ಅಗನಿ, ಉಳಿದದ್ದಕ್ಕೆ ವ್ಯಾಂಡ್ (ಮಂತ್ರದಂಡ). ವ್ಯಾಂಡ್ ಬಗ್ಗೆ ಅಸಡ್ಡೆ ಬೇಡ, ಮಾನಾ ಉಳಿಸುವುದು ಅದೇ. ಪೆಟ್‌ನ ಹೊಸ ವಿದ್ಯೆಗಳನ್ನು ಡೆಮನ್ ಟ್ರೇನರ್ ಬಳಿ ಗ್ರಿಮೋಯರ್ ಪುಸ್ತಕ ಕೊಂಡು ಕಲಿಸಬೇಕು. ‘ನನ್ನ ವಾಯ್ಡ್‌ವಾಕರ್ ಮಾಬ್ ಹಿಡಿಯೋದಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಹತ್ತು ಲೆವೆಲ್ ಹಿಂದಿನ ಟಾರ್ಮೆಂಟ್‌ನಲ್ಲೇ ಇರುತ್ತಾರೆ. ಲೆವೆಲ್ 16ಕ್ಕೆ ಬರುವ ಸ್ಯಾಕ್ರಿಫೈಸ್ ನಮ್ಮವರಿಗೆ ಬಹಳ ಬೆಲೆಯುಳ್ಳದ್ದು. ಪೆಟ್ ತನ್ನನ್ನು ತಾನೇ ಕೊಟ್ಟು ನಿಮಗೆ ಕವಚ ಹಾಕುತ್ತದೆ. ಲೈನ್ ಎಳೆದಾಡಲು ಶುರುವಾಯಿತು ಅನ್ನಿಸಿದ ಕ್ಷಣವೇ ಒತ್ತಿ ಓಡಿ.

ಡಂಜನ್‌ಗೆ ಇಂಪ್. ಬ್ಲಡ್ ಪ್ಯಾಕ್ಟ್‌ನಿಂದ ಇಡೀ ಪಾರ್ಟಿಯ ಜೀವ ಏರುತ್ತದೆ, ಫೇಸ್ ಶಿಫ್ಟ್‌ನಲ್ಲಿದ್ದರೆ ಯಾರೂ ಅದನ್ನು ಹೊಡೆಯರು. ಸಕ್ಯುಬಸ್ ಮನುಷ್ಯರೂಪದ ಮಾಬ್‌ಗಳನ್ನು ಮರುಳು ಮಾಡಿ ನಿಲ್ಲಿಸುತ್ತದೆ, ಮೃಗಗಳ ಮೇಲೆ ಅದು ನಡೆಯದು. ಫೆಲ್‌ಹಂಟರ್‌ನ ಸ್ಪೆಲ್ ಲಾಕ್ ಎದುರಾಳಿಯ ಮಂತ್ರ ಮುರಿಯುತ್ತದೆ, ಆದರೆ ಒತ್ತುವವರು ನೀವು. ಒಂದೂವರೆ ಸೆಕೆಂಡಿನ ಮಂತ್ರವನ್ನು ಕಂಡು, ಕೈ ಆಡಿಸಿ, 250 ಮಿಲಿಸೆಕೆಂಡ್ ದಾಟಿಸಿ ಮುರಿಯುವುದು ಅದೃಷ್ಟದ ಮಾತು. ಉದ್ದದ ಹೀಲ್‌ಗಳಿಗೆ ಮಾತ್ರ ನೆಚ್ಚಿಕೊಳ್ಳಿ.

ಪೆಟ್‌ಗೆ ಅಗ್ರೆಸಿವ್, ಡಿಫೆನ್ಸಿವ್, ಪ್ಯಾಸಿವ್ ಎಂದು ಮೂರು ನಡೆ. ಅಗ್ರೆಸಿವ್‌ನಲ್ಲಿ ಬಿಟ್ಟರೆ ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತುವ ಮುಧೋಳ ನಾಯಿಯಂತೆ ಓಡುತ್ತದೆ, ಕರೆದರೂ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೊರಗೆ ಡಿಫೆನ್ಸಿವ್, ಡಂಜನ್‌ನಲ್ಲಿ ಪ್ಯಾಸಿವ್ ಇಟ್ಟು ಗುರಿ ನೀವೇ ತೋರಿಸಿ. ಡಂಜನ್‌ಗೆ ವಾಯ್ಡ್‌ವಾಕರ್ ಒಯ್ದರೆ ಟಾರ್ಮೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಆಟೋಕಾಸ್ಟ್ ತೆಗೆಯಿರಿ.

ಇನ್ನು ಚೀಲದ ಕಷ್ಟ. ಒಂದೊಂದು ಶಾರ್ಡ್ ಒಂದೊಂದು ಖಾನೆ ತಿನ್ನುತ್ತದೆ. ಪೆಟ್, ಹೆಲ್ತ್‌ಸ್ಟೋನ್, ಸೋಲ್‌ಸ್ಟೋನ್, ದೂರದವರನ್ನು ಕರೆಸಿಕೊಳ್ಳುವ ರಿಚುಯಲ್ ಎಲ್ಲಕ್ಕೂ ಶಾರ್ಡ್ ಬೇಕು. ಸೋಲೋಗೆ ಐದಾರು, ಡಂಜನ್‌ಗೆ ಹತ್ತು ಹನ್ನೆರಡು ಸಾಕು. ಶಾರ್ಡ್ ಸಿಗಬೇಕಾದರೆ ಡ್ರೇನ್ ಸೋಲ್ ಮಂತ್ರ ಎಳೆಯುತ್ತಿರುವಾಗಲೇ ಮಾಬ್ ಸಾಯಬೇಕು, ಆ ಮಾಬ್ ಅನುಭವದ ಅಂಕ ಕೊಡುವಂಥದ್ದಾಗಿರಬೇಕು. ಪಿಂಗ್ ಕಡಿಮೆ ಇರುವವರು 10 ಶೇಕಡಾ ಜೀವದಲ್ಲಿ ಶುರು ಮಾಡುತ್ತಾರೆ, ನೀವು 20ರಲ್ಲೇ ಶುರು ಮಾಡಿ.

ಒಂದು ಸಲ ಸತ್ತರೆ ಪಾತ್ರವೇ ಮುಗಿಯುವ ಹಾರ್ಡ್‌ಕೋರ್ ಸರ್ವರ್‌ಗಳು 2023ರಲ್ಲಿ ಬಂದಿವೆ. ಯುಪಿಎಸ್ ಇಲ್ಲದ ಮನೆಯಿಂದ ಅಲ್ಲಿಗೆ ಹೋಗಬೇಡಿ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಒಂದು ಮಳೆಗೆ ಹೋದರೆ ಆಗುವ ಸಂಕಟ ಸಣ್ಣದಲ್ಲ.

ಗಿಲ್ಡ್ ವಾರ್ಸ್ 2 ಮತ್ತು ಫೈನಲ್ ಫ್ಯಾಂಟಸಿ 14

ಗಿಲ್ಡ್ ವಾರ್ಸ್ 2 ಬಂದದ್ದು 2012ರಲ್ಲಿ, ಮೂಲ ಆಟ 2015ರಿಂದ ಉಚಿತ. ಚಂದಾ ಎಂಬುದೇ ಇಲ್ಲ, ಯುರೋಪ್ ಸರ್ವರ್ ಇದೆ. ನೆಕ್ರೋಮ್ಯಾನ್ಸರ್‌ನ ಹೀಲ್, ಮೂರು ಯುಟಿಲಿಟಿ, ಎಲೀಟ್ ಈ ಐದೂ ಖಾನೆಗೆ ಸೇವಕರನ್ನೇ ತುಂಬಬಹುದು: ಬ್ಲಡ್ ಫೀಂಡ್, ಬೋನ್ ಮಿನಿಯನ್ಸ್, ಬೋನ್ ಫೀಂಡ್, ಶಾಡೋ ಫೀಂಡ್, ಫ್ಲೆಶ್ ಗೋಲೆಮ್. ಬೋನ್ ಮಿನಿಯನ್ಸ್ ಜೋಡಿಯಾಗಿ ಬರುವುದರಿಂದ ಒಟ್ಟು ಆರು. ಟ್ರೇಟ್‌ನಲ್ಲಿ (ಪಾತ್ರಕ್ಕೆ ಆರಿಸುವ ಗುಣಗಳಲ್ಲಿ) ಡೆತ್ ಮ್ಯಾಜಿಕ್ ಹಾಕಿ. ಶಾಡೋ ಫೀಂಡ್ ಬದಲು ಫ್ಲೆಶ್ ವರ್ಮ್ ಇಟ್ಟರೆ ಅದು ಒಂದೇ ಕಡೆ ನಿಂತಿರುತ್ತದೆ, ಅಪಾಯ ಬಂದಾಗ ನೀವು ಅದರ ಜಾಗಕ್ಕೆ ಹಾರಬಹುದು. ನಮ್ಮ ಲೈನಿಗೆ ಇದು ಒಳ್ಳೆಯ ತಪ್ಪಿಸಿಕೊಳ್ಳುವ ದಾರಿ, ಏಕೆಂದರೆ ಈ ಆಟದ ಕಾಳಗವೆಲ್ಲ ಸರಿಯಾದ ಕ್ಷಣದಲ್ಲಿ ಉರುಳಿ ಏಟು ತಪ್ಪಿಸುವುದರ ಮೇಲೆ ನಿಂತಿದೆ, ಆ ಕ್ಷಣ ನಮಗೆ ಸಿಗುವುದಿಲ್ಲ. ನೆಲದ ಮೇಲೆ ಕೆಂಪು ವೃತ್ತ ಕಂಡ ಕೂಡಲೇ ಉರುಳಿ, ಕಾಯಬೇಡಿ. ಊರೂರು ಸುತ್ತಿ ಕಥೆ ಆಡಲು ಆರು ಸೇವಕರು ಧಾರಾಳ. ದೊಡ್ಡ ಬಾಸ್‌ಗಳ ಎದುರು ಮಾತ್ರ ಒಂದೇ ಅಪ್ಪಳಿಕೆಗೆ ಎಲ್ಲ ಸಾಯುತ್ತವೆ, ಅಲ್ಲಿ ಬೇರೆ ಬಿಲ್ಡ್ (ವಿದ್ಯೆಗಳ ಜೋಡಣೆ) ಬೇಕು. ದುಡ್ಡು ಹಾಕದೆ, ರಾತ್ರಿ ಹೊತ್ತು, ಜನರ ನಡುವೆ ಆಡಬೇಕೆನ್ನುವವರಿಗೆ ನಾಲ್ಕರಲ್ಲಿ ಇದೇ ಮೊದಲು.

ಫೈನಲ್ ಫ್ಯಾಂಟಸಿಯ ಸಮನರ್ ಬಗ್ಗೆ ನೇರವಾಗಿ ಹೇಳಬೇಕು: ಪೆಟ್ ಆಡಿಸುವ ಆಸೆಯಿಂದ ಇಲ್ಲಿಗೆ ಬರಬೇಡಿ. 2021ರ ಎಂಡ್‌ವಾಕರ್ ವಿಸ್ತರಣೆಯಲ್ಲಿ ಈ ಕ್ಲಾಸನ್ನು ಬುಡದಿಂದ ಬದಲಿಸಿದರು. ಕಾರ್ಬಂಕಲ್ ಎಂಬ ಪುಟ್ಟ ಪೆಟ್ ಜೊತೆಗಿರುತ್ತದೆ, ತಾನಾಗಿ ಹೊಡೆಯುವುದಿಲ್ಲ. ಇಫ್ರಿಟ್, ಟೈಟನ್, ಗರುಡ ಎಂಬ ದೈತ್ಯ ಜೀವಿಗಳು ಬಂದು ಒಂದು ಅಬ್ಬರದ ಏಟು ಕೊಟ್ಟು ಹೋಗುತ್ತವೆ. ಮಂತ್ರಗಳ ಆಟವಾಗಿ ಮಾತ್ರ ಇದು ಸೊಗಸು, ಕಲಿಯಲು ಸುಲಭ. ಹೆಚ್ಚಿನ ಮಂತ್ರಗಳು ತಕ್ಷಣದವು, ಓಡುತ್ತಲೇ ಹಾಕಬಹುದು; ಇಫ್ರಿಟ್‌ನದ್ದರಂಥ ಕೆಲವಕ್ಕೆ ಮಾತ್ರ ನಿಲ್ಲಬೇಕು. ಎರಡು ಮಂತ್ರಗಳ ನಡುವಿನ ಎರಡೂವರೆ ಸೆಕೆಂಡಿನಲ್ಲಿ ನಮ್ಮ ಪಿಂಗ್‌ಗೆ ಒಂದೇ ಉಪವಿದ್ಯೆ ಹಿಡಿಸುತ್ತದೆ, ಎರಡು ತುರುಕಿದರೆ ಮುಂದಿನ ಮಂತ್ರ ಹಿಂದೆ ಬೀಳುತ್ತದೆ. ಉಚಿತ ಟ್ರಯಲ್ ದೊಡ್ಡದು: ಲೆವೆಲ್ 70ರವರೆಗೆ, ಕಾಲಮಿತಿ ಇಲ್ಲ, ದೊಡ್ಡ ಡ್ರಾಗನ್ ಬಹಮುತ್‌ನನ್ನು ಕರೆಯುವ ವಿದ್ಯೆ ಸರಿಯಾಗಿ 70ಕ್ಕೇ ಸಿಗುತ್ತದೆ. ಲಿಮ್ಸಾ ಲೊಮಿನ್ಸಾದಲ್ಲಿ ಆರ್ಕನಿಸ್ಟ್ ಆಗಿ ಶುರು ಮಾಡಿ, 30ಕ್ಕೆ ಸಮನರ್ ಆಗಿ.

ಕರೆಂಟ್ ಮತ್ತು ಪಾವತಿ

ಕರೆಂಟ್ ಹೋದಾಗ ಸಾಮಾನ್ಯವಾಗಿ ಮೊದಲು ಸಾಯುವುದು ರೌಟರ್, ಲ್ಯಾಪ್‌ಟಾಪ್ ಅಲ್ಲ. ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ, ಹೆಚ್ಚಿನವು 12 ವೋಲ್ಟಿನವು, ಅದಕ್ಕೆ ಸರಿಹೊಂದುವ ಮಿನಿ ಯುಪಿಎಸ್ ತನ್ನಿ. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಡೆಸ್ಕ್‌ಟಾಪ್ ಇರುವ ಮನೆಯ ಇನ್ವರ್ಟರ್‌ನ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ಸಾದಾ ಮೋಡ್‌ನಲ್ಲಿ ಬದಲಾಗುವ ಕ್ಷಣದ ಅಂತರಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ವಿಜಯಪುರದ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟಿದಾಗ ಲ್ಯಾಪ್‌ಟಾಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ನಿಂತು ನಿಂತು ಓಡಿದರೆ ಲೈನನ್ನು ಬಯ್ಯುವ ಮುಂಚೆ ಫ್ಯಾನ್ ಜಾಲರಿಯ ಧೂಳು ನೋಡಿ.

ಬ್ಯಾಟರಿ ಮೇಲೆ ಬಂದ ಕೂಡಲೇ ಕಾಳಗ ಮುಗಿಸಿ ಹೊರಬನ್ನಿ. ಎವರ್‌ಕ್ವೆಸ್ಟ್‌ನಲ್ಲಿ ಕ್ಯಾಂಪ್ ಮಾಡಲು (ಆಟದಿಂದ ಹೊರಬರಲು) 30 ಸೆಕೆಂಡ್ ಕುಳಿತಿರಬೇಕು, ವಾವ್‌ನಲ್ಲಿ ಊರಿನ ಹೊರಗೆ ಲಾಗ್‌ಔಟ್‌ಗೆ 20 ಸೆಕೆಂಡ್. ತಟ್ಟನೆ ಲೈನ್ ಕತ್ತರಿಸಿದರೆ ಎರಡರಲ್ಲೂ ನಿಮ್ಮ ಪಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ. ಆಗ ಪಕ್ಕದಲ್ಲಿ ಭೂಮಿಯ ಪೆಟ್ ಅಥವಾ ವಾಯ್ಡ್‌ವಾಕರ್ ಇದ್ದರೆ ಬದುಕಿ ಉಳಿಯುವ ಸಾಧ್ಯತೆ ಹೆಚ್ಚು.

ಚಂದಾ ಕಟ್ಟುವವರಿಗೆ: 2020ರಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಬಂದ್ ಇರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ‘ಇಂಟರ್‌ನ್ಯಾಷನಲ್’ ಆನ್ ಮಾಡಿ ಮಿತಿ ಹಾಕಿಕೊಳ್ಳಬೇಕು. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ವ್ಯವಸ್ಥೆ ನಮ್ಮ ಕಾರ್ಡ್‌ಗಳಲ್ಲಿ ಆಗಾಗ ವಿಫಲವಾಗುತ್ತದೆ. ಒಂದೇ ಸಲಕ್ಕೆ ಕೊಳ್ಳುವ ಗೇಮ್ ಟೈಮ್ ಸಿಕ್ಕರೆ ಅದನ್ನೇ ಕೊಳ್ಳಿ, ಕೊಂಡಾದ ಮೇಲೆ ಇಂಟರ್‌ನ್ಯಾಷನಲ್ ಮತ್ತೆ ಆಫ್ ಮಾಡಿ. ಮನೆಯವರ ಕಾರ್ಡ್ ಆದರೆ ಒಟಿಪಿ ಕೇಳುವ ಮುಂಚೆ ಎಷ್ಟು, ಯಾತಕ್ಕೆ ಎಂದು ಹೇಳಿಯೇ ಕೇಳಿ.